ಹೂತ ವಿಷಕ್ಕೆ ಎಷ್ಟು ವರ್ಷದ ಬೇಲಿ?

ಅಮೆರಿಕದ ನ್ಯೂಯಾರ್ಕ್ ರಾಜ್ಯದ ಪಶ್ಚಿಮ ಅಂಚಿನಲ್ಲಿ, ಪ್ರಸಿದ್ಧ ಜಲಪಾತದ ಮಗ್ಗುಲಲ್ಲೇ ನಯಾಗರಾ ಫಾಲ್ಸ್ ಎಂಬ ಊರಿದೆ. 1953ರ ಏಪ್ರಿಲ್‌ನಲ್ಲಿ ಅಲ್ಲೊಂದು ಜಮೀನು ಕೈ ಬದಲಾಯಿತು. ವಿಸ್ತೀರ್ಣ ಸುಮಾರು 16 ಎಕರೆ. ಬೆಲೆ ಒಂದೇ ಒಂದು ಡಾಲರ್. ಕೊಟ್ಟದ್ದು ಹೂಕರ್ ಎಂಬ ರಾಸಾಯನಿಕ ಕಂಪೆನಿ, ಕೊಂಡದ್ದು ಊರಿನ ಶಾಲಾ ಮಂಡಳಿ. ಕ್ರಯಪತ್ರದಲ್ಲಿ ಒಂದು ಷರತ್ತು ಇತ್ತು: ಈ ನೆಲದಲ್ಲಿ ರಾಸಾಯನಿಕ ತ್ಯಾಜ್ಯ ಹೂಳಲಾಗಿದೆ, ಅದರಿಂದ ಯಾರಿಗಾದರೂ ಗಾಯವಾದರೆ ಅಥವಾ ಸಾವು ಸಂಭವಿಸಿದರೆ ಕಂಪೆನಿ ಹೊಣೆಯಲ್ಲ. ಎರಡು ವರ್ಷ ಕಳೆಯುವಷ್ಟರಲ್ಲಿ ಆ ನೆಲದ ಮೇಲೆ ಪ್ರಾಥಮಿಕ ಶಾಲೆ ಎದ್ದಿತು. ಸುತ್ತಲೂ ಮನೆಗಳು ಬಂದವು.

ಆ ಜಾಗದ ಹೆಸರು ಲವ್ ಕೆನಾಲ್. ಪ್ರೀತಿಗೂ ಅದಕ್ಕೂ ಸಂಬಂಧವಿಲ್ಲ. 1890ರ ದಶಕದಲ್ಲಿ ವಿಲಿಯಂ ಲವ್ ಎಂಬ ಉದ್ಯಮಿ ನಯಾಗರಾ ನದಿಯ ಮೇಲ್ಭಾಗದಿಂದ ಕೆಳಭಾಗಕ್ಕೆ ಕಾಲುವೆ ತೋಡಿ, ವಿದ್ಯುತ್ ಉತ್ಪಾದಿಸಿ, ಮಾದರಿ ನಗರ ಕಟ್ಟುವ ಕನಸು ಕಂಡಿದ್ದ. ಹಣ ಮುಗಿಯಿತು, ಕನಸೂ ಮುಗಿಯಿತು. ಉಳಿದದ್ದು ಸುಮಾರು 3,000 ಅಡಿ ಉದ್ದದ ಒಂದು ಹಳ್ಳ. ಜಲಪಾತದ ಅಗ್ಗದ ವಿದ್ಯುತ್ತನ್ನು ಹುಡುಕಿಕೊಂಡು ಬಂದ ರಾಸಾಯನಿಕ ಕಾರ್ಖಾನೆಗಳಲ್ಲಿ ಹೂಕರ್ ಒಂದು. 1942ರಿಂದ 1953ರವರೆಗೆ ಅದು ತನ್ನ ತ್ಯಾಜ್ಯವನ್ನು ಪೀಪಾಯಿಗಳಲ್ಲಿ ತಂದು ಈ ಹಳ್ಳಕ್ಕೆ ಸುರಿಯಿತು. ಒಟ್ಟು ಸುಮಾರು 22 ಸಾವಿರ ಟನ್. ಕೊನೆಗೆ ಮೇಲೊಂದು ಜೇಡಿಮಣ್ಣಿನ ಮುಚ್ಚಳ ಹಾಕಿ ಹುಲ್ಲು ಬೆಳೆಯಲು ಬಿಟ್ಟಿತು.

ಇಂದು ನಿಂತು ನೋಡಿದರೆ ಇದೊಂದು ಪಾಪಕಾರ್ಯದಂತೆ ಕಾಣುತ್ತದೆ. ಆದರೆ ಆ ಕಾಲದ ಲೆಕ್ಕದಲ್ಲಿ ಹೂಕರ್ ಆರಿಸಿಕೊಂಡ ಜಾಗ ಕೆಟ್ಟದ್ದೇನೂ ಆಗಿರಲಿಲ್ಲ. ಬೇರೆ ಕಾರ್ಖಾನೆಗಳು ಅದೇ ಹೊತ್ತಿನಲ್ಲಿ ವಿಷವನ್ನು ನೇರವಾಗಿ ನದಿಗೆ, ಬಯಲಿಗೆ ಬಿಡುತ್ತಿದ್ದವು. ಇಲ್ಲಿ ಹಳ್ಳದ ತಳದಲ್ಲಿ ದಪ್ಪನೆಯ ಜೇಡಿ ಇತ್ತು. ಜೇಡಿ ನೀರನ್ನು ಬಿಡುವುದಿಲ್ಲ ಎಂಬ ನಂಬಿಕೆ ಇತ್ತು. ಈ ನಂಬಿಕೆ ಎಷ್ಟು ನಿಜ, ಎಷ್ಟು ದಿನ ನಿಜ? ಜಗತ್ತಿನಾದ್ಯಂತ ವಿಷತ್ಯಾಜ್ಯ ಹೂಳುವ ಕಟ್ಟಡಶಾಸ್ತ್ರ ಅಂದಿನಿಂದ ಇಂದಿನವರೆಗೂ ಕೇಳಿಕೊಳ್ಳುತ್ತಿರುವ ಪ್ರಶ್ನೆ ಇದೇ.

ಮಡಕೆಯ ಪಾಠ

ಜೇಡಿಯ ಗುಣ ಹೊಸದಾಗಿ ಕಂಡುಹಿಡಿದದ್ದಲ್ಲ. ಕೆರೆ ಕಟ್ಟಿದ ನಮ್ಮ ಹಿರಿಯರು ಏರಿಗೆ ಎಂಥ ಮಣ್ಣು ಹಾಕಬೇಕು, ಎಷ್ಟು ಹದವಾಗಿ ನೆನೆಸಿ ತುಳಿಸಬೇಕು ಎಂಬುದನ್ನು ಬಲ್ಲವರಾಗಿದ್ದರು. ಜೇಡಿಯ ಕಣಗಳು ಅತಿ ಸಣ್ಣವು, ಚಪ್ಪಟೆಯಾದವು. ನೆನೆದು ಒತ್ತಿಕೊಂಡಾಗ ಒಂದರ ಮೇಲೊಂದು ಹೆಂಚಿನಂತೆ ಕೂರುತ್ತವೆ. ಅವುಗಳ ಸಂದಿನಲ್ಲಿ ನೀರು ಹಾದುಹೋಗುವುದು ಬಲು ನಿಧಾನ.

ನಿಧಾನ, ಅಷ್ಟೇ. ಹೋಗುವುದೇ ಇಲ್ಲ ಎಂದಲ್ಲ. ಬೇಸಿಗೆಯಲ್ಲಿ ನೀರು ತುಂಬಿಟ್ಟ ಮಡಕೆಯ ಹೊರಮೈ ಮುಟ್ಟಿ ನೋಡಿದವರಿಗೆ ಇದು ಗೊತ್ತು. ಸುಟ್ಟ ಮಣ್ಣೂ ಜಿನುಗುತ್ತದೆ. ಹಸಿ ಮಣ್ಣಿನ ವಿಷಯ ಹೇಳಬೇಕಾಗಿಲ್ಲ.

ವಿಷತ್ಯಾಜ್ಯದ ಗುಂಡಿಗೆ ಹಾಸುವ ಜೇಡಿಯ ಪದರಕ್ಕೆ ಅಮೆರಿಕದ ನಿಯಮ ಒಂದು ಅಳತೆ ಇಟ್ಟಿದೆ. ದಪ್ಪ ಕನಿಷ್ಠ ಮೂರು ಅಡಿ. ನೀರು ಹಾಯುವ ವೇಗ ಸೆಕೆಂಡಿಗೆ ಒಂದು ಸೆಂಟಿಮೀಟರಿನ ಕೋಟಿಯಲ್ಲಿ ಒಂದು ಭಾಗವನ್ನು ಮೀರಬಾರದು. ಕೋಟಿಯಲ್ಲಿ ಒಂದು ಭಾಗ ಎಂದರೆ ಏನೂ ಇಲ್ಲ ಎಂದೇ ಅನಿಸುತ್ತದೆ. ಆದರೆ ಒಂದು ವರ್ಷದಲ್ಲಿ ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡುಗಳಿವೆ. ಗುಣಿಸಿದರೆ ವರ್ಷಕ್ಕೆ ಮೂರು ಸೆಂಟಿಮೀಟರಿಗಿಂತ ತುಸು ಹೆಚ್ಚು. ನೀರು ಹರಿಯುವುದು ಮಣ್ಣಿನ ಇಡೀ ಮೈಯಲ್ಲಲ್ಲ, ಸಂದುಗಳಲ್ಲಿ ಮಾತ್ರ. ಹಾಗಾಗಿ ಹನಿಯ ನಿಜವಾದ ನಡಿಗೆ ಇದರ ಎರಡು ಮೂರು ಪಟ್ಟು. ಮೇಲೆ ಒಂದಡಿ ನೀರು ನಿಂತಿದ್ದರೆ ಮೂರಡಿ ಜೇಡಿಯನ್ನು ದಾಟಲು ಅದಕ್ಕೆ ಬೇಕಾಗುವುದು ಹತ್ತು ವರ್ಷದ ಆಸುಪಾಸು. ಒಳ್ಳೆಯ ಜೇಡಿ, ಒಳ್ಳೆಯ ಕೆಲಸ, ಬಿರುಕಿಲ್ಲದ ಪದರ ಎಂದು ಒಪ್ಪಿಕೊಂಡರೂ ಬರುವ ಲೆಕ್ಕ ಇದು.

ಲವ್ ಕೆನಾಲ್‌ನಲ್ಲಿ ಕೆಲಸ ಕೆಟ್ಟದ್ದು ತಳದ ಜೇಡಿಯಿಂದಲ್ಲ, ಮೇಲಿನ ಮುಚ್ಚಳದಿಂದ. ಶಾಲೆಗೆ ಅಡಿಪಾಯ ತೆಗೆಯುವಾಗ ಪೀಪಾಯಿಗಳು ಸಿಕ್ಕವು. ಕಟ್ಟಡದ ಜಾಗವನ್ನು ಸರಿಸಿ ಕೆಲಸ ಮುಂದುವರಿಸಿದರು. ಬಡಾವಣೆಗೆ ರಸ್ತೆ ಬಂತು, ಒಳಚರಂಡಿ ಬಂತು. ಕೊಳವೆಗಳಿಗೆ ಹಾಸಿದ ಜಲ್ಲಿ ವಿಷಕ್ಕೆ ಒಳ್ಳೆಯ ದಾರಿಯಾಯಿತು. 1960ರ ದಶಕದ ಕೊನೆಗೆ ಹಳ್ಳದ ಒಂದು ತುದಿಯಲ್ಲಿ ಹೆದ್ದಾರಿಯನ್ನೂ ಕಟ್ಟಿದರು. ಮುಚ್ಚಳ ಹೀಗೆ ಅಲ್ಲಲ್ಲಿ ಹರಿದ ಮೇಲೆ ಮಳೆನೀರು, ಹಿಮ ಕರಗಿದ ನೀರು ಒಳಗಿಳಿಯಿತು. ತಳದಲ್ಲಿ ಜೇಡಿ ಇದ್ದುದರಿಂದ ಅದು ಕೆಳಗೆ ಹೋಗಲಾರದೆ ಅಲ್ಲೇ ನಿಂತಿತು. ಬಚ್ಚಲ ತೊಟ್ಟಿ ತುಂಬಿದರೆ ಏನಾಗುತ್ತದೆ? ಅಂಚಿನಿಂದ ಹೊರಚೆಲ್ಲುತ್ತದೆ. 1970ರ ದಶಕದ ನಡುವಿನ ಭಾರಿ ಮಳೆ ಮತ್ತು ಹಿಮದ ವರ್ಷಗಳಲ್ಲಿ ಆದದ್ದು ಅದೇ. ಮನೆಗಳ ನೆಲಮಾಳಿಗೆಯ ಗೋಡೆಗಳಲ್ಲಿ ಕಪ್ಪು ಅಂಟು ದ್ರವ ಒಸರಿತು. ಹಿತ್ತಿಲಲ್ಲಿ ತುಕ್ಕು ಹಿಡಿದ ಪೀಪಾಯಿಗಳು ಮೇಲೆದ್ದವು.

ತಳ ಗಟ್ಟಿಯಾಗಿದ್ದಷ್ಟೂ ಮುಚ್ಚಳ ಗಟ್ಟಿಯಾಗಿರಬೇಕು ಎಂಬ ಸಾಮಾನ್ಯ ಮಾತನ್ನು ಯಾರೂ ಆ ನೆಲದ ಬಗ್ಗೆ ಕಾಲು ಶತಮಾನ ನೆನಪಿಟ್ಟುಕೊಂಡಿರಲಿಲ್ಲ. ಕ್ರಯಪತ್ರದ ಎಚ್ಚರಿಕೆ ಕಡತದಲ್ಲಿತ್ತು. ಮನೆ ಕೊಂಡವರ ಕೈಯಲ್ಲಿ ಅದು ಇರಲಿಲ್ಲ.

1978ರ ಆಗಸ್ಟ್ 2ರಂದು ರಾಜ್ಯದ ಆರೋಗ್ಯ ಆಯುಕ್ತರು ತುರ್ತುಸ್ಥಿತಿ ಘೋಷಿಸಿದರು. ಶಾಲೆ ಮುಚ್ಚಬೇಕು, ಗರ್ಭಿಣಿಯರು ಮತ್ತು ಎರಡು ವರ್ಷದೊಳಗಿನ ಮಕ್ಕಳು ಮನೆ ಬಿಡಬೇಕು. ಐದು ದಿನದ ನಂತರ ಅಧ್ಯಕ್ಷ ಜಿಮ್ಮಿ ಕಾರ್ಟರ್ ಕೇಂದ್ರದ ತುರ್ತುಸ್ಥಿತಿಯನ್ನೂ ಘೋಷಿಸಿದರು. ಮೊದಲ ಸುತ್ತಿನಲ್ಲಿ 239 ಕುಟುಂಬಗಳು ಎದ್ದವು. ಹಾಗಾದರೆ ಪಕ್ಕದ ಬೀದಿಯವರ ಗತಿ ಏನು? ಅಲ್ಲಿನ ಗೃಹಿಣಿ ಲೋಯಿಸ್ ಗಿಬ್ಸ್ ಮನೆಮನೆಗೆ ಹೋಗಿ ಕಾಯಿಲೆಗಳ ಪಟ್ಟಿ ಮಾಡಿದರು, ಸಂಘ ಕಟ್ಟಿದರು, ಎರಡು ವರ್ಷ ಜಗಳವಾಡಿದರು. 1980ರ ಮೇ ತಿಂಗಳಲ್ಲಿ ಎರಡನೆಯ ಘೋಷಣೆ ಬಂತು. ಒಟ್ಟು ಸುಮಾರು 900 ಕುಟುಂಬಗಳು ಊರು ಬಿಟ್ಟವು. ಅದೇ ವರ್ಷದ ಕೊನೆಗೆ ಹಳೆಯ ವಿಷಗುಂಡಿಗಳ ಶುದ್ಧಿಗೆಂದು ‘ಸೂಪರ್‌ಫಂಡ್’ ಎಂಬ ಹೆಸರಿನ ಕಾನೂನು ಅಮೆರಿಕದಲ್ಲಿ ಜಾರಿಗೆ ಬಂತು.

ವಿಷವನ್ನು ಮಾತ್ರ ತೆಗೆಯಲಿಲ್ಲ. 22 ಸಾವಿರ ಟನ್ ಅಗೆದು ಎಲ್ಲಿಗೆ ಒಯ್ಯುವುದು? ಸುತ್ತಲೂ ಬಸಿಗಾಲುವೆ ತೋಡಿ ಕೊಳವೆ ಹಾಕಿದರು. 1979ರಲ್ಲಿ ಹೊಸ ಜೇಡಿ ಮುಚ್ಚಳ, 1984ರಲ್ಲಿ 40 ಎಕರೆಯಷ್ಟು ವಿಸ್ತಾರದ, ಪ್ಲಾಸ್ಟಿಕ್ ಹಾಳೆಯನ್ನೂ ಒಳಗೊಂಡ ಇನ್ನೊಂದು ಮುಚ್ಚಳ ಬಂತು. ಬಸಿದ ನೀರನ್ನು ಪಂಪು ಮಾಡಿ ಶುದ್ಧೀಕರಿಸುವ ಘಟಕ ಅಲ್ಲೇ ಇದೆ. ಅದು ಇಂದಿಗೂ ನಡೆಯುತ್ತಿದೆ. ಇದರ ಖರ್ಚಿಗೆ, ಹೂಕರ್ ಅನ್ನು 1968ರಲ್ಲಿ ಕೊಂಡಿದ್ದ ಆಕ್ಸಿಡೆಂಟಲ್ ಕಂಪೆನಿ 1994ರಲ್ಲಿ ರಾಜ್ಯಕ್ಕೆ 9.8 ಕೋಟಿ ಡಾಲರ್, ಮರುವರ್ಷ ಕೇಂದ್ರಕ್ಕೆ 12.9 ಕೋಟಿ ಡಾಲರ್ ಕೊಡಲು ಒಪ್ಪಿತು. ಒಂದು ಡಾಲರಿನ ಜಮೀನು!

ಹಾಸಿಗೆಯ ಮೇಲೆ ಹಾಸಿಗೆ

ಲವ್ ಕೆನಾಲ್‌ನ ಪೆಟ್ಟಿನಿಂದ ಹುಟ್ಟಿದ್ದು ಇಂದಿನ ‘ಸುಭದ್ರ ಗುಂಡಿ’. ಅಮೆರಿಕ 1984ರಲ್ಲಿ ತನ್ನ ಕಾನೂನಿಗೆ ತಿದ್ದುಪಡಿ ತಂದು, ಹೊಸ ವಿಷತ್ಯಾಜ್ಯ ಗುಂಡಿಗಳಿಗೆಲ್ಲ ಜೋಡಿ ಪದರ ಕಡ್ಡಾಯ ಮಾಡಿತು. ಇದರ ರಚನೆ ಹಾಸಿಗೆಯ ಮೇಲೆ ಹಾಸಿಗೆ ಹಾಸಿದಂತೆ. ಎಲ್ಲಕ್ಕಿಂತ ಕೆಳಗೆ ಹದಗೊಳಿಸಿ ಒತ್ತಿದ ಜೇಡಿ. ಅದರ ಮೈಗೆ ಅಂಟಿಕೊಂಡಂತೆ ಎಚ್‌ಡಿಪಿಇ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹಾಳೆ. ನೀರಿನ ಟ್ಯಾಂಕಿಗೂ ಕೊಳವೆಗೂ ಬಳಸುವ ಪ್ಲಾಸ್ಟಿಕ್ಕಿನ ಜಾತಿಯೇ ಇದು, ದಪ್ಪ ಸಾಮಾನ್ಯವಾಗಿ ಒಂದೂವರೆ ಎರಡು ಮಿಲಿಮೀಟರು. ಅದರ ಮೇಲೆ ಸೋರಿಕೆ ಪತ್ತೆಹಚ್ಚುವ ಜಲ್ಲಿಯ ಅಥವಾ ಬಲೆಯ ಪದರ. ಮತ್ತೆ ಇನ್ನೊಂದು ಪ್ಲಾಸ್ಟಿಕ್ ಹಾಳೆ. ಅದರ ಮೇಲೆ ಜಲ್ಲಿ, ತೂತು ಕೊಳವೆ. ಅನಂತರ ತ್ಯಾಜ್ಯ. ಗುಂಡಿ ತುಂಬಿದ ಮೇಲೆ ಇಂಥದ್ದೇ ಪದರಗಳ ಮುಚ್ಚಳ.

ತ್ಯಾಜ್ಯದ ಮೂಲಕ ಇಳಿದು ವಿಷ ಹೀರಿಕೊಂಡ ನೀರಿಗೆ ‘ಲೀಚೇಟ್’ ಎನ್ನುತ್ತಾರೆ. ಕಸದ ಲಾರಿಯ ಹಿಂದೆ ರಸ್ತೆಯುದ್ದಕ್ಕೂ ಸುರಿದುಕೊಂಡು ಹೋಗುವ ಕಪ್ಪು ನೀರು ಇದರ ಬಡ ಸಂಬಂಧಿ. ‘ಬಸಿನೀರು’ ಎಂದರೆ ಸಾಕು. ಈ ಬಸಿನೀರು ಹಾಳೆಯ ಮೇಲೆ ಒಂದಡಿಗಿಂತ ಹೆಚ್ಚು ನಿಲ್ಲಬಾರದು, ನಿಲ್ಲುವ ಮೊದಲೇ ಕೊಳವೆಯಲ್ಲಿ ಎಳೆದು ತೆಗೆಯಬೇಕು. ಪದರಗಳ ಅರ್ಧ ಜಾಣತನ ಇರುವುದು ತಡೆಯುವುದರಲ್ಲಲ್ಲ, ತೆಗೆಯುವುದರಲ್ಲಿ.

ಜೇಡಿಯೋ ಪ್ಲಾಸ್ಟಿಕ್ಕೋ ಯಾವುದಾದರೂ ಒಂದು ಸಾಲದೆ? ಸಾಲದು. ಕಾರಣ ಸ್ವಾರಸ್ಯಕರವಾಗಿದೆ. ಹಾಳೆಯಲ್ಲಿ ಉಗುರಿನಷ್ಟು, ಅಂದರೆ ಒಂದು ಚದರ ಸೆಂಟಿಮೀಟರಿನ ತೂತು ಇದೆ ಎಂದುಕೊಳ್ಳಿ. ಅಡಿಯಲ್ಲಿ ಬರೀ ಜಲ್ಲಿ ಇದ್ದರೆ, ಮೇಲೆ ಒಂದಡಿ ನೀರು ನಿಂತಾಗ ಆ ತೂತಿನಿಂದ ದಿನಕ್ಕೆ ಹನ್ನೆರಡು ಸಾವಿರ ಲೀಟರಿಗೂ ಹೆಚ್ಚು ಇಳಿಯಬಲ್ಲದು. ಎರಡು ಟ್ಯಾಂಕರ್! ಅದೇ ತೂತಿನ ಕೆಳಗೆ ಒತ್ತಿ ಕೂರಿಸಿದ ಜೇಡಿ ಇದ್ದರೆ ಇಳಿಯುವುದು ದಿನಕ್ಕೆ ಅರ್ಧ ಲೀಟರಿನಷ್ಟು. ತೂತಿನ ಬಾಯಿಗೆ ಜೇಡಿ ಬಿರಡೆಯಂತೆ ಕೂರುತ್ತದೆ. ಜೇಡಿಯ ಬಹುಭಾಗಕ್ಕೆ ನೀರೇ ತಾಗದಂತೆ ಹಾಳೆ ಕಾಯುತ್ತದೆ. ಒಂದರ ಕೊರತೆ ಇನ್ನೊಂದಕ್ಕೆ ತುಂಬಿಬರುತ್ತದೆ. ಕೂಡು ಪದರದ ಗುಟ್ಟು ಇಷ್ಟೇ.

ತೂತು ಇರುವುದು ಖಂಡಿತ. ಎಕರೆಗಟ್ಟಲೆ ಹಾಳೆಯನ್ನು ಪಟ್ಟಿ ಪಟ್ಟಿಯಾಗಿ ತಂದು ಸ್ಥಳದಲ್ಲೇ ಬೆಸುಗೆ ಹಾಕುತ್ತಾರೆ. ಎಷ್ಟೇ ನಿಗಾ ಇಟ್ಟರೂ ಎಕರೆಗೆ ಒಂದೆರಡು ತೂತು ಉಳಿದೇ ಉಳಿಯುತ್ತದೆ ಎಂದು ಇಂಜಿನಿಯರುಗಳೇ ಲೆಕ್ಕಕ್ಕೆ ಹಿಡಿಯುತ್ತಾರೆ. ಮೇಲೆ ಜಲ್ಲಿ ಹರಡುವಾಗ ಆಗುವ ಗಾಯಗಳು ಬೇರೆ. ಕೆನಡಾದ ಕಿಂಗ್ಸ್ಟನ್‌ನಲ್ಲಿರುವ ಕ್ವೀನ್ಸ್ ವಿಶ್ವವಿದ್ಯಾಲಯದ ಕೆರ್ರಿ ರೋ ಇನ್ನೊಂದು ಸೂಕ್ಷ್ಮವನ್ನು ತೋರಿಸಿಕೊಟ್ಟರು. ಕಪ್ಪು ಹಾಳೆ ನಡುಮಧ್ಯಾಹ್ನದ ಬಿಸಿಲಿಗೆ ಹಿಗ್ಗಿ ನೆರಿಗೆ ಬೀಳುತ್ತದೆ. ಆ ಹೊತ್ತಿನಲ್ಲೇ ಮೇಲೆ ಮಣ್ಣು ಹಾಕಿದರೆ ನೆರಿಗೆ ಹಾಗೇ ಉಳಿಯುತ್ತದೆ, ಕೆಳಗಿನ ಜೇಡಿಗೂ ಹಾಳೆಗೂ ನಡುವೆ ಸುರಂಗದಂತೆ. ತೂತು ಆ ನೆರಿಗೆಯ ಮೇಲೆ ಬಿದ್ದರೆ ಬಿರಡೆಯ ಮಾತು ಮುಗಿಯಿತು. ನೀರು ನೆರಿಗೆಯುದ್ದಕ್ಕೂ ಓಡಾಡಿ ಜೇಡಿಯ ದೊಡ್ಡ ಭಾಗವನ್ನು ತೋಯಿಸುತ್ತದೆ. ಬೆಳಗಿನ ತಂಪಿನಲ್ಲಿ ಮುಚ್ಚಿದ ಗುಂಡಿಗೂ ಮಧ್ಯಾಹ್ನ ಮುಚ್ಚಿದ ಗುಂಡಿಗೂ ವ್ಯತ್ಯಾಸ ಬರುವುದು ಹೀಗೆ. ಗುತ್ತಿಗೆದಾರನ ಗಡಿಬಿಡಿಗೆ ಶತಮಾನದ ಬೆಲೆ.

ಪ್ರಯೋಗಾಲಯದ ಜೇಡಿ, ಬಯಲಿನ ಜೇಡಿ

1980ರ ದಶಕದ ಆರಂಭದಲ್ಲಿ ಟೆಕ್ಸಾಸ್‌ನಿಂದ ಎರಡು ಕೆಟ್ಟ ಸುದ್ದಿಗಳು ಬಂದವು. ಮೊದಲನೆಯದು ಟೆಕ್ಸಾಸ್ ಎ ಅಂಡ್ ಎಂ ವಿಶ್ವವಿದ್ಯಾಲಯದ ಕರ್ಕ್ ಬ್ರೌನ್ ಮತ್ತು ಡೇವಿಡ್ ಆಂಡರ್ಸನ್ ಅವರಿಂದ. ಅಲ್ಲಿಯವರೆಗೆ ಜೇಡಿಯನ್ನು ಪರೀಕ್ಷಿಸುತ್ತಿದ್ದುದು ನೀರು ಸುರಿದು. ಗುಂಡಿಯಲ್ಲಿರುವುದು ಬರೀ ನೀರೆ? ಇವರು ಅಸಿಟೋನ್, ಕ್ಸೈಲೀನ್‌ನಂಥ ದ್ರಾವಕಗಳನ್ನು ಹಾಗೇ ಸುರಿದು ನೋಡಿದರು. ಜೇಡಿಯ ಕಣಗಳು ಕುಗ್ಗಿ ಬಿರುಕು ಬಿಟ್ಟವು, ದ್ರವ ಹಾಯುವ ವೇಗ ನೂರರಿಂದ ಸಾವಿರ ಪಟ್ಟು ಏರಿತು. ಬೇಸಿಗೆಯಲ್ಲಿ ಎರೆಹೊಲ ಬಾಯಿ ಬಿಡುವುದನ್ನು ಕಂಡವರಿಗೆ ಈ ಚಿತ್ರ ಕಷ್ಟವಲ್ಲ. ದ್ರವರೂಪದ ತ್ಯಾಜ್ಯವನ್ನು ಗುಂಡಿಗೆ ಸುರಿಯುವುದನ್ನೇ ಅಮೆರಿಕ ಮುಂದೆ ನಿಷೇಧಿಸಿತು. ಇಂದು ಅದನ್ನು ಮೊದಲು ಸುಣ್ಣ, ಸಿಮೆಂಟು, ಬೂದಿ ಬೆರೆಸಿ ಗಟ್ಟಿ ಮಾಡಬೇಕು.

ಎರಡನೆಯ ಸುದ್ದಿ 1984ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಡೇವಿಡ್ ಡೇನಿಯಲ್ ಅವರಿಂದ. ಸೋರುತ್ತಿದ್ದ ಕೆಲವು ಕೊಳಗಳ ಜೇಡಿ ಪದರವನ್ನು ಅವರು ಸ್ಥಳದಲ್ಲೇ ಪರಿಶೀಲಿಸಿದರು. ಪ್ರಯೋಗಾಲಯದ ಅಂಗೈಯಗಲದ ಮಾದರಿ ಹೇಳಿದ್ದಕ್ಕಿಂತ ಹತ್ತರಿಂದ ಸಾವಿರ ಪಟ್ಟು ವೇಗವಾಗಿ ನೀರು ಹಾದುಹೋಗುತ್ತಿತ್ತು. ಕಾರಣ ಬಹಳ ಸಾದಾ. ಬಯಲಿನಲ್ಲಿ ಮಣ್ಣಿನ ಹೆಂಟೆಗಳು ಪೂರ್ತಿ ಒಡೆದಿರುವುದಿಲ್ಲ, ಒಂದು ಪದರ ಇನ್ನೊಂದಕ್ಕೆ ಬೆಸೆದಿರುವುದಿಲ್ಲ, ರಾತ್ರಿ ಬಿಟ್ಟು ಹೋದ ಮಣ್ಣು ಬೆಳಿಗ್ಗೆಗೆ ಒಣಗಿರುತ್ತದೆ. ನೀರು ಹುಡುಕುವುದು ಇಂಥ ಸಂದುಗಳನ್ನೇ. ಹೆಂಟೆ ಒಡೆಯದೆ ಹಾಕಿದ ಏರಿ ನಿಲ್ಲುವುದಿಲ್ಲ ಎಂಬುದು ನಮ್ಮ ಯಾವ ಕೆರೆ ಕೆಲಸದ ಒಡ್ಡರಿಗೂ ಗೊತ್ತಿದ್ದ ಮಾತೇ.

ಇನ್ನೊಂದು ಪಾಠ ಕ್ಯಾಲಿಫೋರ್ನಿಯಾದ ಕೆಟಲ್‌ಮನ್ ಹಿಲ್ಸ್‌ನದು. ಅದು ಹೊಸ ನಿಯಮದ ಪ್ರಕಾರ ಜೋಡಿ ಪದರ ಹಾಕಿ ಕಟ್ಟಿದ ಗುಂಡಿ. 1988ರ ಮಾರ್ಚ್ 19ರಂದು ಸುಮಾರು 90 ಅಡಿ ಎತ್ತರದ ತ್ಯಾಜ್ಯದ ರಾಶಿ ಒಟ್ಟಾಗಿ ಜಾರಿತು. 35 ಅಡಿಯಷ್ಟು ಮುಂದಕ್ಕೆ ಸರಿದು, 14 ಅಡಿಯಷ್ಟು ಕುಸಿದು, ಹಾಳೆಗಳನ್ನು ಹರಿದುಹಾಕಿತು. ಭೂಕಂಪವಿರಲಿಲ್ಲ. ನಯವಾದ ಪ್ಲಾಸ್ಟಿಕ್, ಅದರಡಿ ಒದ್ದೆ ಜೇಡಿ. ಮಳೆಗಾಲದಲ್ಲಿ ಗದ್ದೆಯ ಬದುವಿನ ಮೇಲೆ ಪ್ಲಾಸ್ಟಿಕ್ ಚಪ್ಪಲಿ ಹಾಕಿ ನಡೆದವರಿಗೆ ಬೇರೆ ವಿವರಣೆ ಬೇಡ. ನೀರನ್ನು ತಡೆಯಲು ಒಂದರ ಮೇಲೊಂದು ಹಾಕಿದ ಪದರಗಳೇ ಜಾರುಬಂಡೆಯಾಗಿದ್ದವು. ಆಮೇಲೆ ಇಳಿಜಾರುಗಳಿಗೆ ಒರಟು ಮೈಯ ಹಾಳೆ ಬಳಸುವ ರೂಢಿ ಬಲವಾಯಿತು.

ಇಷ್ಟೆಲ್ಲ ಹೇಳಿದ ಮೇಲೆ ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಸರಿಯಾಗಿ ಕಟ್ಟಿದ ಗುಂಡಿಗಳು ಕೆಲಸ ಮಾಡುತ್ತವೆ. ಜೋಡಿ ಪದರದ ನಡುವಿನ ಸೋರಿಕೆ ಅಳೆಯುವ ವ್ಯವಸ್ಥೆಯಿಂದ ವರ್ಷಗಟ್ಟಲೆ ಸಂಗ್ರಹಿಸಿದ ಅಂಕಿಗಳನ್ನು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗಾಗಿ ಬೊನಪಾರ್ಟ್, ಡೇನಿಯಲ್ ಮತ್ತು ಕೋರ್ನರ್ ಎಂಬ ಮೂವರು ತಜ್ಞರು 2002ರಲ್ಲಿ ಒಟ್ಟುಮಾಡಿ ಕೊಟ್ಟರು. ಚೆನ್ನಾಗಿ ಕಟ್ಟಿದ ಕೂಡು ಪದರಗಳು ಬಸಿನೀರಿನ ಬಹುಪಾಲನ್ನು ತಡೆದಿದ್ದವು, ಬರೀ ಹಾಳೆ ಹಾಸಿದ್ದಕ್ಕಿಂತ ಎಷ್ಟೋ ಮೇಲಾಗಿದ್ದವು. ಲವ್ ಕೆನಾಲ್‌ನ ಹಳ್ಳಕ್ಕೂ ಇವುಗಳಿಗೂ ಹೋಲಿಕೆಯೇ ಇಲ್ಲ. ತಕರಾರು ಇರುವುದು ಇಂದಿನ ಬಗ್ಗೆ ಅಲ್ಲ, ನಾಳೆಯ ಬಗ್ಗೆ.

ಹಿಂಗಿನ ಪೊಟ್ಟಣ, ಮಹಡಿಯ ಬಕೆಟ್ಟು

ಹಿಂಗನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದಕ್ಕೆ ಇನ್ನೊಂದು ಚೀಲ ಸುತ್ತಿ ಇಟ್ಟರೂ ಕಪಾಟಿನ ತುಂಬ ವಾಸನೆ. ಚೀಲದಲ್ಲಿ ತೂತಿಲ್ಲ. ಆದರೂ ವಾಸನೆಯ ಅಣುಗಳು ಪ್ಲಾಸ್ಟಿಕ್ಕಿನೊಳಗೆ ಕರಗಿ, ನುಸುಳಿ, ಆಚೆ ಮೈಯಿಂದ ಹೊರಬರುತ್ತವೆ. ಗುಂಡಿಯ ಹಾಳೆಯಲ್ಲೂ ಹೀಗೇ. ಉಪ್ಪು, ಸೀಸ, ಪಾದರಸದ ಲವಣಗಳನ್ನು ಎಚ್‌ಡಿಪಿಇ ಚೆನ್ನಾಗಿ ತಡೆಯುತ್ತದೆ. ಬೆಂಜೀನ್, ಟೊಲೀನ್, ಲೋಹ ತೊಳೆಯುವ ಟ್ರೈಕ್ಲೋರೋಎಥಿಲೀನ್ ಮುಂತಾದವು ಒಂದೂವರೆ ಮಿಲಿಮೀಟರಿನ ಹಾಳೆಯನ್ನು ಕೆಲವೇ ದಿನ, ವಾರಗಳಲ್ಲಿ ದಾಟಬಲ್ಲವು ಎಂದು ಪ್ರಯೋಗಗಳು ತೋರಿಸಿವೆ. ಅವುಗಳನ್ನು ತಡವಾಗಿಸುವುದು ಹಾಳೆಯಲ್ಲ, ಅದರಡಿಯ ದಪ್ಪ ಜೇಡಿ ಮತ್ತು ಮಣ್ಣು.

ಇನ್ನು ಮುಪ್ಪು. ಮಹಡಿಯ ಮೇಲೆ ಬಿಟ್ಟ ಪ್ಲಾಸ್ಟಿಕ್ ಬಕೆಟ್ಟು ನಾಲ್ಕಾರು ಬೇಸಿಗೆ ಕಳೆದ ಮೇಲೆ ಕೈಗೆ ಸಿಕ್ಕಿದಂತೆ ಮುರಿಯುತ್ತದೆ. ನೆಲದಡಿ ಬಿಸಿಲಿಲ್ಲ, ಆದ್ದರಿಂದ ಅಲ್ಲಿ ಮುಪ್ಪು ನಿಧಾನ. ಆದರೆ ಇದೆ. ಹಾಳೆ ತಯಾರಿಸುವಾಗ ಆಮ್ಲಜನಕದ ದಾಳಿ ತಡೆಯುವ ರಾಸಾಯನಿಕಗಳನ್ನು ಬೆರೆಸಿರುತ್ತಾರೆ. ಮೊದಲು ಅವು ಮೆಲ್ಲಗೆ ಖರ್ಚಾಗುತ್ತವೆ, ಬಸಿನೀರಿನಲ್ಲಿ ತೊಳೆದು ಹೋಗುತ್ತವೆ. ಅನಂತರ ಕೆಲವು ಕಾಲ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಪ್ಲಾಸ್ಟಿಕ್ಕಿನ ಉದ್ದ ಸರಪಳಿಗಳೇ ತುಂಡಾಗುತ್ತವೆ, ಹಾಳೆ ಬಿರುಸಾಗುತ್ತದೆ, ಒತ್ತಡ ಬಿದ್ದಲ್ಲಿ ಬಿರಿಯುತ್ತದೆ.

ಇದಕ್ಕೆ ಎಷ್ಟು ವರ್ಷ? ಅಮೆರಿಕದ ರಾಬರ್ಟ್ ಕೋರ್ನರ್ ಮತ್ತು ಸಂಗಡಿಗರು ಹಾಳೆಯ ತುಂಡುಗಳನ್ನು 55ರಿಂದ 85 ಡಿಗ್ರಿ ಸೆಲ್ಷಿಯಸ್ ಶಾಖದಲ್ಲಿ ವರ್ಷಗಟ್ಟಲೆ ಇಟ್ಟು, ಮುಪ್ಪಿನ ವೇಗ ಅಳೆದು, ಅಲ್ಲಿಂದ ಕಡಿಮೆ ಶಾಖಕ್ಕೆ ಲೆಕ್ಕ ಹಾಕಿದರು. 20 ಡಿಗ್ರಿಯಲ್ಲಿ ಹಾಳೆ ತನ್ನ ಅರ್ಧ ಸತ್ವ ಕಳೆದುಕೊಳ್ಳಲು 400 ವರ್ಷಕ್ಕೂ ಹೆಚ್ಚು ಬೇಕು. 30 ಡಿಗ್ರಿಯಲ್ಲಿ 160ರ ಆಸುಪಾಸು. 40 ಡಿಗ್ರಿಯಲ್ಲಿ ಸುಮಾರು 70. ಇಪ್ಪತ್ತು ಡಿಗ್ರಿಯ ವ್ಯತ್ಯಾಸಕ್ಕೆ ಆಯಸ್ಸು ಆರನೆಯ ಒಂದು ಭಾಗ! ಕಿಂಗ್ಸ್ಟನ್‌ನಂಥ ಚಳಿಯೂರಿನ ನೆಲಕ್ಕೂ, ವರ್ಷದ ಸರಾಸರಿಯೇ 24–25 ಡಿಗ್ರಿ ಇರುವ ನಮ್ಮ ದಖನ್ನಿನ ನೆಲಕ್ಕೂ ಒಂದೇ ಹಾಳೆಯ ಆಯಸ್ಸು ಒಂದೇ ಆಗಲಾರದು. ತ್ಯಾಜ್ಯ ತನ್ನೊಳಗಿನ ಕ್ರಿಯೆಗಳಿಂದ ತಾನೇ ಬಿಸಿಯಾದರೆ ಇನ್ನೂ ಕಡಿಮೆ. ನೂರಾರು ವರ್ಷದ ಈ ಲೆಕ್ಕಗಳೆಲ್ಲ ಕೆಲವೇ ವರ್ಷದ ಪ್ರಯೋಗದಿಂದ ಹಿಗ್ಗಿಸಿ ಹೇಳಿದವು ಎಂಬುದೂ ನೆನಪಿರಬೇಕು. ಎಚ್‌ಡಿಪಿಇ ಹಾಳೆ ಹಾಸಿದ ಅತಿ ಹಳೆಯ ಗುಂಡಿಗೂ ಇನ್ನೂ ಅರವತ್ತು ತುಂಬಿಲ್ಲ.

ಬಸಿನೀರು ಎಳೆಯುವ ಕೊಳವೆಗಳಿಗೂ ವಯಸ್ಸಾಗುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳದಲ್ಲಿ ಬಿಳಿ ಹೆಕ್ಕಳೆ ಕಟ್ಟುವಂತೆ ಜಲ್ಲಿಯ ಸಂದಿನಲ್ಲಿ ಸುಣ್ಣ ಮತ್ತು ಲೋಳೆ ಕಟ್ಟಿಕೊಳ್ಳುತ್ತದೆ. ಊರ ಕಸದ ಗುಂಡಿಗಳಲ್ಲಿ ಇದು ಹೆಚ್ಚು. ಕೊಳವೆ ಕಟ್ಟಿಕೊಂಡರೆ ನೀರು ನಿಲ್ಲುತ್ತದೆ. ನೀರು ನಿಂತರೆ ಮೇಲೆ ಹೇಳಿದ ಲೆಕ್ಕವೆಲ್ಲ ತಲೆಕೆಳಗು.

ಈಗ ಇನ್ನೊಂದು ಅಂಕಿ: 30. ಗುಂಡಿ ಮುಚ್ಚಿದ ಮೇಲೆ ಅದರ ಒಡೆಯ ಅದನ್ನು ನೋಡಿಕೊಳ್ಳಬೇಕಾದ ಅವಧಿ ಅಮೆರಿಕದ ನಿಯಮದಲ್ಲಿ ಸಾಮಾನ್ಯವಾಗಿ 30 ವರ್ಷ. ಸರ್ಕಾರ ಅದನ್ನು ಹೆಚ್ಚಿಸಬಹುದು, ಇಳಿಸಲೂಬಹುದು. ಭಾರತದ ಮಾರ್ಗಸೂಚಿಯೂ ಅದೇ 30ನ್ನು ಕನಿಷ್ಠವೆಂದು ಹಿಡಿದಿದೆ. ಆದರೆ ಸೀಸಕ್ಕೆ, ಆರ್ಸೆನಿಕ್‌ಗೆ, ಕ್ಯಾಡ್ಮಿಯಮ್‌ಗೆ ವಯಸ್ಸೇ ಇಲ್ಲ. ಅವು ಕೊಳೆಯುವುದಿಲ್ಲ, ಕರಗಿ ಇಲ್ಲವಾಗುವುದಿಲ್ಲ. ಹಾಳೆ ಗಟ್ಟಿಮುಟ್ಟಾಗಿರುವ ವರ್ಷಗಳಲ್ಲಿ ಕಾವಲುಗಾರನಿರುತ್ತಾನೆ. ಹಾಳೆ ಬಿರಿಯುವ ಹೊತ್ತಿಗೆ ಕಂಪೆನಿ ಇರುತ್ತದೆಯೋ ಇಲ್ಲವೋ. ಎಂಥ ಒಳ್ಳೆಯ ಪದರವೂ ಕೊನೆಗೊಂದು ದಿನ ಸೋಲುತ್ತದೆ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1980ರ ದಶಕದಲ್ಲಿ ತನ್ನ ಅಧಿಕೃತ ಪ್ರಕಟಣೆಗಳಲ್ಲೇ ಒಪ್ಪಿಕೊಂಡಿತ್ತು.

ತಡಮಾಡದೆ ಸೋತು, ಸೋಲನ್ನು ಒಪ್ಪಿಕೊಂಡ ಉದಾಹರಣೆ ಸ್ವಿಟ್ಜರ್ಲೆಂಡಿನ ಕೋಲಿಕೆನ್. ಹಂಚಿನ ಮಣ್ಣು ತೆಗೆದ ಹಳೆಯ ಜೇಡಿ ಗುಂಡಿಯೊಂದನ್ನು 1978ರಲ್ಲಿ ಅಲ್ಲಿ ವಿಷತ್ಯಾಜ್ಯಕ್ಕೆ ತೆರೆದರು. ಜೇಡಿ ಇದ್ದ ಮೇಲೆ ಬೇರೆ ಪದರ ಏಕೆ ಎಂಬ ಅದೇ ಹಳೆಯ ವಾದ. ದುರ್ನಾತ, ತೊರೆಯ ನೀರು ಕೆಟ್ಟ ದೂರುಗಳು ಬಂದು 1985ರಲ್ಲಿ ಮುಚ್ಚಬೇಕಾಯಿತು. ನೋಡಿಕೊಳ್ಳುತ್ತ ಕೂರುವುದಕ್ಕಿಂತ ಅಗೆದು ತೆಗೆಯುವುದೇ ವಾಸಿ ಎಂದು ಕೊನೆಗೆ ತೀರ್ಮಾನವಾಯಿತು. ಗಾಳಿ ಹೊರಹೋಗದಂತೆ ಇಡೀ ಗುಂಡಿಯ ಮೇಲೆ ಕಂಬಗಳಿಲ್ಲದ ಭಾರಿ ಹಜಾರ ಕಟ್ಟಿ, 2007ರಿಂದ 2015ರವರೆಗೆ ಲಕ್ಷಾಂತರ ಟನ್ ತ್ಯಾಜ್ಯ ತೆಗೆದರು. ಏಳು ವರ್ಷ ತುಂಬಿಸಿದ್ದನ್ನು ತೆಗೆಯಲು ಎಂಟು ವರ್ಷ. ಗುಂಡಿಯ ಒಟ್ಟು ವೆಚ್ಚ 90 ಕೋಟಿ ಫ್ರಾಂಕ್‌ನಷ್ಟಾಯಿತು. ಶ್ರೀಮಂತ ದೇಶ, ಸಾಧ್ಯವಾಯಿತು.

ಭೋಪಾಲದ ಕೊಳಗಳು

ಭಾರತದಲ್ಲಿ ಅಪಾಯಕಾರಿ ತ್ಯಾಜ್ಯದ ನಿಯಮ ಬಂದದ್ದು 1989ರಲ್ಲಿ. 2008ರಲ್ಲಿ, ಮತ್ತೆ 2016ರಲ್ಲಿ ಅದನ್ನು ಹೊಸದಾಗಿ ಬರೆಯಲಾಯಿತು. ಕರ್ನಾಟಕದಲ್ಲಿ ದಾಬಸ್‌ಪೇಟೆ ಬಳಿ ಕಾರ್ಖಾನೆಗಳ ಇಂಥ ತ್ಯಾಜ್ಯಕ್ಕೆಂದು ಪದರ ಹಾಸಿದ ಗುಂಡಿ ಇದೆ. ತುಮಕೂರು ರಸ್ತೆಯಲ್ಲಿ ಬಸ್ಸಿನಲ್ಲಿ ಹೋಗುವವರಲ್ಲಿ ಎಷ್ಟು ಮಂದಿಗೆ ಇದು ಗೊತ್ತೋ!

ನಿಯಮಗಳು ಬರುವ ಮೊದಲೇ ಪ್ಲಾಸ್ಟಿಕ್ ಹಾಳೆ ನಂಬಿದ ಒಂದು ಜಾಗ ದೇಶದಲ್ಲಿತ್ತು. ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆ 1977ರಲ್ಲಿ ತನ್ನ ದ್ರವತ್ಯಾಜ್ಯವನ್ನು ಬಿಸಿಲಿಗೆ ಒಣಗಿಸಲು ಪಾಲಿಥೀನ್ ಹಾಳೆ ಹಾಸಿದ ಕೊಳಗಳನ್ನು ಮಾಡಿತು. 1982ರಲ್ಲೇ, ಅಂದರೆ ಅನಿಲ ದುರಂತಕ್ಕೆ ಎರಡು ವರ್ಷ ಮುಂಚೆ, ಕೊಳ ಸೋರುತ್ತಿದೆ ಎಂದು ಕಾರ್ಖಾನೆಯಿಂದ ಅಮೆರಿಕದ ಮುಖ್ಯ ಕಚೇರಿಗೆ ಟೆಲೆಕ್ಸ್ ಹೋಗಿತ್ತು. ಹಾಳೆ ಬಾಳಿದ್ದು ಐದು ವರ್ಷ. ಸುತ್ತಲಿನ ಬಡಾವಣೆಗಳ ಬಾವಿ ನೀರು ಕೆಟ್ಟು, ಅಲ್ಲಿನವರಿಗೆ ಬೇರೆಡೆಯಿಂದ ಕುಡಿಯುವ ನೀರು ಕೊಡುವಂತೆ 2004ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು.

ಆ ಕಾರ್ಖಾನೆಯ ಗೋದಾಮಿನಲ್ಲಿ ನಾಲ್ಕು ದಶಕ ಬಿದ್ದಿದ್ದ 337 ಟನ್ ತ್ಯಾಜ್ಯವನ್ನು 2025ರ ಜನವರಿಯ ಮೊದಲ ದಿನಗಳಲ್ಲಿ 12 ಕಂಟೇನರುಗಳಲ್ಲಿ ತುಂಬಿ ಇಂದೋರ್ ಸಮೀಪದ ಪೀಥಂಪುರಕ್ಕೆ ಸಾಗಿಸಿದರು. ಊರಿನವರು ಬೀದಿಗಿಳಿದು ಪ್ರತಿಭಟಿಸಿದರು. ಜೂನ್ ಕೊನೆಯ ಹೊತ್ತಿಗೆ ಸುಟ್ಟದ್ದಾಯಿತು. ಸುಡುವಾಗ ಸುಣ್ಣ ಮುಂತಾದವನ್ನು ಬೆರೆಸಿದ್ದರಿಂದ ಉಳಿದ ಬೂದಿ ಮತ್ತು ಶೇಷದ ತೂಕ ಮೂಲ ತ್ಯಾಜ್ಯಕ್ಕಿಂತ ಹೆಚ್ಚು. ಅದನ್ನು ಪದರ ಹಾಸಿದ ಗುಂಡಿಯಲ್ಲಿ ಹೂಳಬೇಕು. ಆ ಗುಂಡಿ ಎಲ್ಲಿರಬೇಕು, ಜನವಸತಿಗೆ ಎಷ್ಟು ದೂರದಲ್ಲಿರಬೇಕು ಎಂಬ ಪ್ರಶ್ನೆ ಮಧ್ಯಪ್ರದೇಶ ಹೈಕೋರ್ಟಿನ ಮುಂದೆ ಹೋಯಿತು.